ಮೂರು ಊರಿನ ಹೆಸರು ಕಾಯ್ದವರು

ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಯಾರಾದರೂ "ಮೇಡಂ, ಏನೋ ಪ್ರಾಬ್ಲಂ" ಎಂದು ಕೂಗಿದರೆ ಮೇಡಂ ಕೂತಲ್ಲಿಂದ ಏಳುತ್ತಿರಲಿಲ್ಲ. "ಏನೋ ಅಂದ್ರೆ ಏನು? ಅದು ಏನ್ ಹೇಳ್ತಿದೆ ಓದು" ಎನ್ನುತ್ತಿದ್ದರು. ಹುಡುಗರು ಪರದೆಯ ಮೇಲಿನ ಇಂಗ್ಲಿಷ್ ಸಾಲನ್ನು ತಡವರಿಸುತ್ತಾ ಓದುತ್ತಿದ್ದರು. ಅರ್ಧಕ್ಕೆ ಬರುವಷ್ಟರಲ್ಲಿ ಅನೇಕರಿಗೆ ತಮ್ಮ ತಪ್ಪು ತಮಗೇ ಹೊಳೆದು, ಬಾಯಿ ಮುಚ್ಚಿ ಕೂತುಬಿಡುತ್ತಿದ್ದರು. ಆಗ ಅವರು ನಗುತ್ತಿದ್ದರು. "ನೋಡಿದ್ಯಾ? ಅದು ಬೈತಿಲ್ಲ ಕಣೋ, ಹೇಳ್ತಿದೆ. ಬೈತು ಅನ್ಕೊಂಡು ನೀವು ಓದೋದೇ ಇಲ್ಲ."

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಕಡೂರು, ತರೀಕೆರೆ ಕಡೆಯವರಿಗೆ ನಾಲ್ಕು ಸಾಲು ಓದಿದರೆ ಯಾರೆಂದು ತಿಳಿದೇ ತಿಳಿಯುತ್ತದೆ. ಅವರು ಹೋಗಿ ಇನ್ನೂ ವರ್ಷ ತುಂಬಿಲ್ಲ. ಲ್ಯಾಬಿನ ಬಾಗಿಲು ತೆರೆಯುವಾಗ ಇವತ್ತಿಗೂ ನನ್ನ ಕೈ ಒಂದು ಕ್ಷಣ ಚಿಲಕದ ಮೇಲೆ ನಿಲ್ಲುತ್ತದೆ.

ಒಂದು ಮಠದ ಆಶ್ರಯದಲ್ಲಿ ನಡೆಯುವ ಸಂಸ್ಥೆ ನಮ್ಮದು. ಕಡೂರು, ತರೀಕೆರೆ, ಅಜ್ಜಂಪುರ, ಮೂರೂ ಕಡೆ ಒಂದೊಂದು ಕಾಲೇಜು. ಮೂರಕ್ಕೂ ಸೇರಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಅವರೊಬ್ಬರೇ. ಹುಟ್ಟಿದ್ದು ಬುಕ್ಕಾಂಬುಧಿಯಲ್ಲಿ, ಕೊಟ್ಟಿದ್ದು ಸಖರಾಯಪಟ್ಟಣಕ್ಕೆ. ನಾನು ಕಾಮರ್ಸ್ ಪಾಠ ಮಾಡುವವಳು, ಅವರಿಗಿಂತ ಬಹಳ ಚಿಕ್ಕವಳು. ಲ್ಯಾಬ್ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟು ಹೋದಾಗ ಪ್ರಾಂಶುಪಾಲರು ನನ್ನನ್ನು ಕರೆದು, "ನಿಂಗೆ ಟ್ಯಾಲಿ ಬರುತ್ತಲ್ಲಮ್ಮ, ಸ್ವಲ್ಪ ದಿನ ಅವರ ಜೊತೆ ಇರು" ಎಂದರು. ಸ್ವಲ್ಪ ದಿನ ಎಂದದ್ದು ವರ್ಷಗಳಾಯಿತು.

ಮೊದಲ ದಿನವೇ ಮೇಡಂ ನನ್ನನ್ನು ಬೆಚ್ಚಿಬೀಳಿಸಿದ್ದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಬ್ಯಾಗಿನಿಂದ ಪೆನ್ನಿನಂಥದ್ದನ್ನು ತೆಗೆದು, ಸೆರಗು ಸರಿಸಿ, ಹೊಟ್ಟೆಗೆ ಚುಚ್ಚಿಕೊಂಡರು. ನಾನು ಕಣ್ಣುಬಿಟ್ಟು ನೋಡುತ್ತಿದ್ದೆ. "ನಿಮ್ಗೆ ಕಾಫಿ, ನಂಗೆ ಇದು" ಎಂದು ಮತ್ತೆ ಮಾತಿಗೆ ಹೊರಳಿದರು. ಸಣ್ಣ ಹುಡುಗಿಯಾಗಿದ್ದಾಗಲೇ ಬಂದ ಸಕ್ಕರೆ ಕಾಯಿಲೆ. ಅದರ ಬಗ್ಗೆ ಅವರು ಮಾತಾಡುತ್ತಿದ್ದುದು ಮನೆಯಲ್ಲಿರುವ ಸಿಡುಕಿನ ಅತ್ತೆಯ ಬಗ್ಗೆ ಮಾತಾಡುವ ಹಾಗೆ. ಬಿಟ್ಟು ಹೋಗುವುದಿಲ್ಲ, ಹೊಂದಿಕೊಂಡು ಹೋಗಬೇಕು, ಅಷ್ಟೆ.

ಅವರು ಕೈಗೆತ್ತಿಕೊಂಡ ದೊಡ್ಡ ಕೆಲಸವೆಂದರೆ ಡೈರೆಕ್ಟರಿ ಸರ್ವರ್. ಅದಕ್ಕೂ ಮೊದಲು ನಮ್ಮ ಲ್ಯಾಬುಗಳ ಸ್ಥಿತಿ ಹೇಳತೀರದು. ಒಂದೊಂದು ಕಂಪ್ಯೂಟರಿಗೂ ಒಂದೊಂದು ಹೆಸರು, ಒಂದೊಂದು ಪಾಸ್‌ವರ್ಡ್. ಕಡೂರಿನಲ್ಲಿ ಪಾಠ ಮುಗಿಸಿ ಅಜ್ಜಂಪುರಕ್ಕೆ ಹೋದ ಮೇಷ್ಟರಿಗೆ ಅಲ್ಲಿಯ ಕಂಪ್ಯೂಟರ್ ಗುರುತೇ ಹಿಡಿಯುತ್ತಿರಲಿಲ್ಲ. ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ ಕೆಲಸ ಮಾಡಿಟ್ಟ ಹುಡುಗಿ, ಆ ಜಾಗದಲ್ಲಿ ಬೇರೆ ಯಾರೋ ಕೂತಿದ್ದರೆ ಕಾದು ನಿಲ್ಲಬೇಕಿತ್ತು. ಮೂರು ಊರಿನ ಎಲ್ಲರ ಹೆಸರೂ ಗುರುತೂ ಒಂದೇ ಕಡೆ ಇರಬೇಕು, ಯಾವ ಊರಿನ ಯಾವ ಕಂಪ್ಯೂಟರಿನ ಮುಂದೆ ಕೂತರೂ ಅದು ಕಡೂರಿನ ಸರ್ವರನ್ನು "ಇವರು ನಮ್ಮವರಾ?" ಎಂದು ಕೇಳಿ ಒಳಗೆ ಬಿಡಬೇಕು ಎಂಬುದು ಅವರ ಯೋಚನೆ.

ಆಫೀಸಿನಲ್ಲಿ ಬಳಸದೆ ಇಟ್ಟಿದ್ದ ಒಂದು ಹಳೆಯ ಕಂಪ್ಯೂಟರನ್ನು ತರಿಸಿ ಒರೆಸಿ, ಅದನ್ನು ನಡೆಸಲು ಲಿನಕ್ಸ್ ಎಂಬ ತಂತ್ರಾಂಶ ಹಾಕಿದರು. ಚಿತ್ರ, ಮೌಸು ಯಾವುದೂ ಇಲ್ಲದ, ಬರೀ ಕಪ್ಪು ಪರದೆಯ ಮೇಲೆ ಅಕ್ಷರ ಮೂಡುವ ಲಿನಕ್ಸ್. ಆಮೇಲೆ ಸರ್ವರಿನ ತಂತ್ರಾಂಶ ಇಳಿಸಿದರು. ಅದು ಸಂಸ್ಥೆಯ ಹೆಸರೇನು, ಮೇಲ್ವಿಚಾರಕರ ಪಾಸ್‌ವರ್ಡ್ ಏನು ಎಂದು ಒಂದೆರಡು ಪ್ರಶ್ನೆ ಕೇಳಿ ಸುಮ್ಮನಾಯಿತು.

"ಇಷ್ಟೇನಾ ಮೇಡಂ?" ಎಂದೆ ನಾನು.

"ಮನೆ ಕಟ್ಟಿದ್ದಾಯ್ತು. ಒಳಗೆ ಯಾರಿದಾರೆ? ಯಾರೂ ಇಲ್ಲ. ಈಗ್ಲೇ ಕೆಲಸ ಶುರು ಕಣೇ."

ಅದರೊಳಗೆ ಹೆಸರುಗಳನ್ನು ಜೋಡಿಸುವ ಕ್ರಮ ನನ್ನ ತಲೆಗೆ ಹತ್ತಲಿಲ್ಲ. ಅವರು ಕುರ್ಚಿ ನನ್ನ ಕಡೆ ತಿರುಗಿಸಿಕೊಂಡು ಕೇಳಿದರು:

"ಮದ್ವೆ ಮನೇಲಿ ಯಾರಾದ್ರೂ ಅಜ್ಜಿ ನಿನ್ನ ಹಿಡಿದು ನಿಲ್ಲಿಸಿ ಯಾರಮ್ಮ ನೀನು ಅಂದ್ರೆ ಏನಂತೀಯ?"

"ಶೈಲಾ ಅಂತೀನಿ."

"ಬರೀ ಶೈಲಾ ಅಂದ್ರೆ ಬಿಡ್ತಾಳಾ ಅಜ್ಜಿ?"

"ಇಲ್ಲ. ಯಾರ ಪೈಕಿ, ಯಾವೂರು ಅಂತಾಳೆ. ಅಂಗಡಿ ರುದ್ರಪ್ಪನವರ ಮೊಮ್ಮಗಳು, ಹಳೇಪೇಟೆ, ಬೀರೂರು ಅಂತ ಹೇಳ್ಬೇಕು."

"ಇದೂ ಹಾಗೇ. ಮೊದಲು ನೀನು, ಆಮೇಲೆ ನಿನ್ನ ಗುಂಪು, ಆಮೇಲೆ ನಿನ್ನೂರು, ಕೊನೇಗೆ ಸಂಸ್ಥೆ. ಹೆಸ್ರು ಎಷ್ಟು ಜನಕ್ಕೆ ಬೇಕಾದ್ರೂ ಒಂದೇ ಇರ್ಲಿ, ಈ ಪೂರ್ತಿ ವಿಳಾಸ ಇನ್ನೊಬ್ರಿಗೆ ಇರಲ್ಲ."

ಅವತ್ತಿನಿಂದ ನನಗೆ ಆ ಕೆಲಸ ಕಷ್ಟವೆನಿಸಲಿಲ್ಲ. ಆದರೆ ಹೆಸರು ಬರೆಯುವುದರಲ್ಲಿ ಅವರ ಹಟ ಮಾತ್ರ ನನ್ನನ್ನು ಸುಸ್ತು ಮಾಡುತ್ತಿತ್ತು. ಆಫೀಸಿನ ದಾಖಲೆಯಲ್ಲಿ ಇದ್ದದ್ದನ್ನು ಹಾಗೇ ತುಂಬಿಸಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಅವರು ತರಗತಿಗೆ ಹೋಗಿ ಒಬ್ಬೊಬ್ಬರನ್ನೇ ಕೇಳುತ್ತಿದ್ದರು: "ನಿನ್ ಹೆಸ್ರನ್ನ ಇಂಗ್ಲಿಷಲ್ಲಿ ನೀನು ಹೆಂಗೆ ಬರೀತೀಯ?" ಯಾರೋ ಗುಮಾಸ್ತರು ಎಂದೋ ಬರೆದ ತಪ್ಪನ್ನೇ ಹೊತ್ತು ತಿರುಗುತ್ತಿದ್ದ ಮಕ್ಕಳು ಬಹಳ ಜನ ಇದ್ದರು. ತರೀಕೆರೆಯಲ್ಲಿ ಒಬ್ಬ ಹುಡುಗಿಯ ಹೆಸರು ಚಂದ್ರಕಲಾ. ದಾಖಲೆಯ ಇಂಗ್ಲಿಷಿನಲ್ಲಿ ಒಂದು ಎಲ್ ಹೆಚ್ಚಾಗಿ ಅದು ಚಂದ್ರಕಳ್ಳ ಎಂದು ಓದುವಂತಾಗಿ, ಹುಡುಗರು ಅವಳನ್ನು ಗೋಳು ಹುಯ್ದುಕೊಳ್ಳುತ್ತಿದ್ದರು. ಅಂಕಪಟ್ಟಿ ತಿದ್ದಿಸುವುದು ಯಾರ ಕೈಲೂ ಆಗುವ ಮಾತಾಗಿರಲಿಲ್ಲ. ಮೇಡಂ ಸರ್ವರಿನಲ್ಲಿ ತೋರುವ ಹೆಸರನ್ನಾದರೂ ಸರಿಯಾಗಿ ಬರೆದರು. ಮೊದಲ ಸಲ ಲಾಗಿನ್ ಆದಾಗ ಪರದೆಯ ಮೂಲೆಯಲ್ಲಿ ತನ್ನ ಹೆಸರು ನೋಡಿ ಆ ಹುಡುಗಿ ಪಕ್ಕದವಳ ತೋಳು ಹಿಡಿದೆಳೆದು ತೋರಿಸಿದಳು. ಮೇಡಂ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. "ಏನ್ ಮಾಡಿದ್ಲು?" ಎಂದು ನನ್ನನ್ನು ಕೇಳಿದರು. ಅಷ್ಟು ಹತ್ತಿರವಿದ್ದೂ ನೋಡದೆ ನನ್ನನ್ನೇಕೆ ಕೇಳುತ್ತಾರೆ ಎಂದು ನನಗೆ ಅನ್ನಿಸಲಿಲ್ಲ.

ಅನ್ನಿಸಬೇಕಾದ ಇನ್ನೂ ಎಷ್ಟೋ ಸಂಗತಿಗಳಿದ್ದವು. ಅವರ ಯಜಮಾನರು ಖಾಸಗಿ ಬಸ್ಸಿನ ಡ್ರೈವರ್. ಚಿಕ್ಕಮಗಳೂರಿನಿಂದ ಸಖರಾಯಪಟ್ಟಣ, ಕಡೂರು, ಬೀರೂರು ಹಾದು ತರೀಕೆರೆಗೆ ಹೋಗುವ ಬಸ್ಸು. ಮೇಡಂ ಬರುತ್ತಿದ್ದುದು ಅದರಲ್ಲೇ. ಕಾಲೇಜಿನ ಮುಂದೆ ಅವರು ಇಳಿದ ಮೇಲೂ ಬಸ್ಸು ಹೊರಡುತ್ತಿರಲಿಲ್ಲ. ಅವರು ರಸ್ತೆ ಬದಿಯ ಜಲ್ಲಿ ದಾಟಿ, ಗೇಟು ಹೊಕ್ಕು, ಮೆಟ್ಟಿಲು ಹತ್ತುವ ತನಕ ಆತ ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು ನೋಡುತ್ತಾ ಕೂತಿರುತ್ತಿದ್ದರು. ಪ್ರಯಾಣಿಕರು ಗೊಣಗುತ್ತಿದ್ದರು. ಕಂಡಕ್ಟರ್ ಸೀಟಿ ಊದುತ್ತಿದ್ದ. ನಾವು ಸ್ಟಾಫ್ ರೂಮಿನಲ್ಲಿ ಅವರನ್ನು ರೇಗಿಸುತ್ತಿದ್ದೆವು: "ಇಷ್ಟ್ ವರ್ಷ ಆದ್ರೂ ನಿಮ್ಮೋರಿಗೆ ಕಣ್ ತುಂಬಿಲ್ಲ ಬಿಡಿ ಮೇಡಂ." ಅವರೂ ನಗುತ್ತಿದ್ದರು. ಮಕ್ಕಳಿಲ್ಲದ ಗಂಡ ಹೆಂಡತಿ, ಒಬ್ಬರಿಗೊಬ್ಬರು ಅಂಟಿಕೊಂಡಿದ್ದಾರೆ ಎಂದುಕೊಂಡಿದ್ದೆ.

ಗೊತ್ತಾದದ್ದು ಅಜ್ಜಂಪುರದಲ್ಲಿ. ಅಲ್ಲಿಯ ಲ್ಯಾಬಿನ ಕಂಪ್ಯೂಟರುಗಳನ್ನು ಕಡೂರಿನ ಸರ್ವರಿಗೆ ಸೇರಿಸಲು ಇಬ್ಬರೂ ಹೋಗಿದ್ದೆವು. ಮಧ್ಯಾಹ್ನ ಕರೆಂಟು ಹೋಯಿತು. ಸ್ವಲ್ಪ ಹೊತ್ತಿಗೆ ಬಂತು. ಕಂಪ್ಯೂಟರಿನ ಫ್ಯಾನು ಗುಯ್ ಎಂದು ತಿರುಗತೊಡಗಿದ ಮೇಲೆ ಮೇಡಂ ಸ್ವಲ್ಪ ಕಾದು, ಹೆಸರು, ಪಾಸ್‌ವರ್ಡ್, ಆಮೇಲೆ ಉದ್ದದೊಂದು ಆಜ್ಞೆ, ಎಲ್ಲವನ್ನೂ ಸರಸರ ಒತ್ತಿದರು. ಅವರ ಬೆರಳಿನ ವೇಗ ನೋಡುವುದೇ ಒಂದು ಚೆಂದ.

"ಓದೇ, ಏನ್ ಬಂತು?"

ನಾನು ಬಗ್ಗಿ ನೋಡಿದೆ. ಪರದೆ ಕಪ್ಪಗಿತ್ತು. ಮಾನಿಟರಿನ ಪ್ಲಗ್ಗು ಸಡಿಲವಾಗಿ, ಅದಕ್ಕೆ ಕರೆಂಟೇ ಹೋಗಿರಲಿಲ್ಲ.

"ಏನೂ ಬಂದಿಲ್ಲ ಮೇಡಂ."

"ಬರ್ಬೇಕಲ್ಲ" ಎಂದು ಅವರು ಮತ್ತೆ ಒತ್ತಿದರು. ತಲೆ ಒಂದು ಬದಿಗೆ ವಾಲಿಸಿ, ಆ ಸತ್ತ ಪರದೆಯನ್ನೇ ನೋಡುತ್ತಾ ಕಾದರು. ಅದರ ಗಾಜಿನಲ್ಲಿ ನಮ್ಮಿಬ್ಬರ ಮುಖ ಕಾಣುತ್ತಿತ್ತು.

"ಮೇಡಂ... ಇದು ಆನ್ ಆಗಿಲ್ಲ."

"ಯಾವ್ದು?"

"ಸ್ಕ್ರೀನು."

ಕೀಲಿಮಣೆಯ ಮೇಲಿದ್ದ ಅವರ ಕೈ ಹಾಗೇ ನಿಂತಿತು. "ಎಷ್ಟೊತ್ತಿಂದ?"

"ಕರೆಂಟ್ ಬಂದಾಗ್ಲಿಂದ."

ಅವರು ನಗಲು ನೋಡಿದರು, ಆಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದನ್ನು ಇಡುವ ಮೊದಲು ಮೇಜಿನ ಅಂಚನ್ನು ಬೆರಳಿನಿಂದ ಹುಡುಕಿದ್ದನ್ನು ಆಗ ನೋಡಿದೆ.

"ಬಲಗಣ್ಣು ಹೋಗಿ ಬಹಳ ದಿನ ಆಯ್ತು ಕಣೇ" ಎಂದರು. "ಶಿವಮೊಗ್ಗದಲ್ಲಿ ಲೇಸರ್ ಹಾಕ್ಸಿದ್ವಿ, ಕಣ್ಣಿಗೇ ಇಂಜೆಕ್ಷನ್ ಕೊಟ್ರು. ಒಳಗೆ ರಕ್ತ ಒಸರ್ತಾನೇ ಇದೆ. ಎಡಗಣ್ಣಲ್ಲಿ ಬೆಳಕು ಗೊತ್ತಾಗುತ್ತೆ, ದೊಡ್ಡಕ್ಷರ ಗೊತ್ತಾಗ್ತಿತ್ತು. ಬೆಳಗ್ಗೆಯಿಂದ ಅದ್ರಲ್ಲೂ ಕರೀ ನೂಲು ಹರಿದಾಡ್ತಿದೆ. ನೀರೊಳಗಿಂದ ನೋಡ್ದಂಗೆ."

"ಯಾರಿಗೆ ಗೊತ್ತು?"

"ನಮ್ಮನೆಯೋರಿಗೆ. ಈಗ ನಿಂಗೆ."

ಬಸ್ಸು ಯಾಕೆ ನಿಲ್ಲುತ್ತಿತ್ತು ಎಂಬುದು ನನಗೆ ಆಗ ಹೊಳೆಯಿತು.

"ಪ್ರಿನ್ಸಿಪಾಲ್ರಿಗೆ ಹೇಳ್ಬೋದಲ್ವಾ ಮೇಡಂ? ಅವ್ರು ಒಳ್ಳೆಯೋರು."

"ಒಳ್ಳೆಯೋರು ಅಂತಾನೇ ಭಯ. ಪಾಪ, ರೆಸ್ಟ್ ತಗೋಳಿ ಅಂತಾರೆ. ಮಾರನೇ ದಿನ ಇದನ್ನ ಬೇರೆ ಯಾರಿಗೋ ಒಪ್ಪಿಸ್ತಾರೆ, ಅವ್ರು ಇದೆಲ್ಲ ಯಾಕೆ ಅಂತ ಬಿಚ್ಚಿ ಹಾಕ್ತಾರೆ." ಅವರು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ, "ಕಣ್ಣಿದ್ದಾಗ ಶುರು ಮಾಡಿದ್ದು ಇದೊಂದು, ಶೈಲಾ. ಇದನ್ನ ಮುಗಿಸ್ಬಿಡ್ತೀನಿ. ಅರ್ಧಕ್ಕೆ ಬಿಟ್ರೆ ಕತ್ಲಲ್ಲಿ ಕೂತ್ಕೊಂಡು ನಂಗೆ ಬರೀ ಇದೇ ನೆನಪಾಗುತ್ತೆ" ಎಂದರು.

ನಾನು ಮಾನಿಟರಿನ ಪ್ಲಗ್ಗನ್ನು ಅದುಮಿದೆ. ಪರದೆ ಬೆಳಗಿತು. ಅವರು ಎರಡು ಸಲ ಕೇಳಿದ್ದ ಪ್ರಶ್ನೆಗೆ ಸರ್ವರು ಎರಡು ಸಲವೂ ಸರಿಯಾಗಿ ಉತ್ತರ ಕೊಟ್ಟಿತ್ತು. ಓದಿ ಹೇಳಿದೆ. "ಹಂಗಾದ್ರೆ ಸರಿಯಾಗಿದೆ" ಎಂದು ಕಣ್ಣೊರೆಸಿಕೊಂಡರು.

ಅವತ್ತಿನಿಂದ ನಾನು ಓದುವುದು, ಅವರು ಹೇಳುವುದು. ಹೆಸರುಗಳನ್ನು ಒಂದು ಕಡತದಲ್ಲಿ ಸಾಲುಸಾಲಾಗಿ ಬರೆದು ಸರ್ವರಿಗೆ ಉಣಿಸಬೇಕಿತ್ತು. ಒಬ್ಬರ ವಿವರಕ್ಕೂ ಇನ್ನೊಬ್ಬರ ವಿವರಕ್ಕೂ ನಡುವೆ ಒಂದು ಖಾಲಿ ಸಾಲು. ಆ ಸಾಲು ನಿಜಕ್ಕೂ ಖಾಲಿ ಇರಬೇಕು. ಕಣ್ಣಿಗೆ ಕಾಣದ ಒಂದು ಸ್ಪೇಸ್ ಅಲ್ಲಿ ಉಳಿದರೂ ಸರ್ವರು ಇಬ್ಬರನ್ನೂ ಸೇರಿಸಿ ಓದಿ, ಗೊಂದಲಕ್ಕೆ ಬಿದ್ದು, ಸಿಟ್ಟಾಗುತ್ತಿತ್ತು. ಒಂದು ಸಲ ಎಷ್ಟು ಉಣಿಸಿದರೂ ಕಡತವನ್ನು ಅದು ತಳ್ಳಿಹಾಕಿತು. ಒಂದು ಸಾಲನ್ನು ತೋರಿಸಿ, ಕೊಟ್ಟ ವಿವರ ನಿಯಮಕ್ಕೆ ಹೊಂದುತ್ತಿಲ್ಲ ಎಂದಷ್ಟೇ ಅದರ ಮಾತು. ನಾನು ಅಕ್ಷರ ಅಕ್ಷರ ನೋಡಿದೆ. ತಪ್ಪೇ ಇರಲಿಲ್ಲ.

"ಆ ಸಾಲಿನ ಕೊನೇಗೆ ಹೋಗು" ಎಂದರು. "ಕರ್ಸರು ಕೊನೇ ಅಕ್ಷರಕ್ಕೆ ಅಂಟ್ಕೊಂಡಿದ್ಯಾ, ದೂರ ನಿಂತಿದ್ಯಾ?"

"ಒಂಚೂರು ದೂರ ನಿಂತಿದೆ."

"ಹತ್ರ ಕರ್ಕೊಂಡ್ ಬಾ."

ಕಾಣದ ಆ ಸ್ಪೇಸನ್ನು ಅಳಿಸಿದೆ. ಸರ್ವರು ಒಪ್ಪಿಕೊಂಡಿತು. ಕಣ್ಣಿದ್ದ ನನಗೂ ಕಾಣದ, ಇಲ್ಲದ ಅವರಿಗೂ ಕಾಣದ ಒಂದು ಚುಕ್ಕೆಯಷ್ಟು ಜಾಗಕ್ಕೆ ಅರ್ಧ ದಿನ ಹೋಗಿತ್ತು. ಇಬ್ಬರೂ ನಕ್ಕೆವು.

ತರೀಕೆರೆಯಲ್ಲಿ ಇನ್ನೊಂದು ತರಲೆ. ಅಲ್ಲಿಯ ಒಂದು ಕಂಪ್ಯೂಟರು, ಸರ್ವರು ತನ್ನ ಗುರುತಿಗೆ ತೋರಿಸುವ, ತಾರೀಖು ಹಾಕಿದ ಪ್ರಮಾಣಪತ್ರವನ್ನು ನಂಬಲು ತಯಾರಿರಲಿಲ್ಲ. ಕೇಬಲ್ ಬದಲಾಯಿಸಿದೆವು, ನೆಟ್‌ವರ್ಕಿನವರನ್ನು ಕರೆಸಿದೆವು. ಎಲ್ಲರೂ ಹೋದ ಮೇಲೆ ಮೇಡಂ, "ಇವತ್ತು ಏನ್ ತಾರೀಖು ಅಂತ ಅದನ್ನೇ ಕೇಳು" ಎಂದರು. ಕೇಳಿದೆ. ಒಳಗಿನ ಗುಂಡಿ ಸೆಲ್ಲು ಸತ್ತುಹೋಗಿ ಅದರ ಗಡಿಯಾರ ಹಿಂದಕ್ಕೆ ಬಿದ್ದಿತ್ತು. ಅದರ ಲೆಕ್ಕದಲ್ಲಿ ಇನ್ನೂ ಎಷ್ಟೋ ವರ್ಷಗಳ ಹಿಂದಿನ ಜನವರಿ. ನಾವು ಕೊಟ್ಟ ಪ್ರಮಾಣಪತ್ರ ಅದರ ಪಾಲಿಗೆ ಇನ್ನೂ ಹುಟ್ಟೇ ಇರಲಿಲ್ಲ. ವರ್ಷವನ್ನು ಓದಿ ಹೇಳಿದೆ. ಅವರು ಆ ಕಂಪ್ಯೂಟರಿನ ಡಬ್ಬಿಯ ಮೇಲೆ ಅಂಗೈ ಇಟ್ಟರು.

"ಇದ್ರ ಪ್ರಕಾರ ನಂಗಿನ್ನೂ ಕಣ್ಣು ಕಾಣುತ್ತೆ ಕಣೇ" ಎಂದರು.

ನಾನು ನೀರು ಕುಡಿದು ಬರುತ್ತೇನೆಂದು ಹೊರಗೆ ಹೋದೆ.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಮೂರೂ ಊರಿನ ಮಕ್ಕಳು ಒಂದೇ ಹೊತ್ತಿಗೆ ಲಾಗಿನ್ ಆಗಬೇಕಿತ್ತು. ಮೇಡಂ ಕಡೂರಿನ ಲ್ಯಾಬಿನಲ್ಲಿ ಸರ್ವರಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೀಲಿಮಣೆಗಳ ಸದ್ದು ಶುರುವಾಗಿ, ಒಂದು ಕ್ಷಣ ನಿಂತು, ಮತ್ತೆ ಜೋರಾಯಿತು. ನಿಂತ ಆ ಕ್ಷಣದಲ್ಲಿ ಅವರು ಉಸಿರು ಬಿಗಿಹಿಡಿದದ್ದು ನನಗೆ ಕಂಡಿತು. ತರೀಕೆರೆಗೆ ಫೋನ್ ಮಾಡಿಸಿದರು, ಎಲ್ಲರೂ ಒಳಗೆ ಹೋಗಿದ್ದರು. ಅಜ್ಜಂಪುರದಲ್ಲಿ ಒಬ್ಬಳು ಮಾತ್ರ ಹೊರಗೆ ಉಳಿದು ಅಳುತ್ತಿದ್ದಳು. ತಡವಾಗಿ ಕಾಲೇಜಿಗೆ ಸೇರಿದವಳು, ಅವಳ ಹೆಸರು ಸೇರಿಸುವುದು ಬಿಟ್ಟುಹೋಗಿತ್ತು. ಮೇಡಂ ಫೋನಿನಲ್ಲೇ ಅವಳನ್ನು ಮಾತಾಡಿಸಿದರು.

"ಅಳ್ಬೇಡ ಕಣವ್ವ. ನಿನ್ ಹೆಸ್ರು ಹೇಳು. ಇಂಗ್ಲಿಷಲ್ಲಿ ಒಂದೊಂದೇ ಅಕ್ಷರ ಹೇಳು."

ಅವಳು ಹೇಳುತ್ತಾ ಹೋದಂತೆ ಇವರು ಪರದೆಯ ಕಡೆ ಮುಖವನ್ನೂ ತಿರುಗಿಸದೆ ಟೈಪ್ ಮಾಡುತ್ತಾ ಹೋದರು. ಮುಗಿಸಿ ನನ್ನನ್ನು ಕೇಳಿದರು. ಒಂದಕ್ಷರವೂ ತಪ್ಪಿರಲಿಲ್ಲ. "ಈಗ ಹೋಗಮ್ಮ ಒಳಗೆ" ಎಂದರು. ಆ ಕಡೆಯಿಂದ ಹುಡುಗಿ "ಬಂತು ಮಿಸ್, ಬಂತು" ಎಂದು ಕಿರುಚಿದ್ದು ನಮ್ಮ ಲ್ಯಾಬಿನಲ್ಲಿದ್ದವರಿಗೂ ಕೇಳಿಸಿತು.

ಪರೀಕ್ಷೆ ಮುಗಿದ ಮೇಲೆ ಅವರು ಎದ್ದು ನಿಂತು, "ನಡಿ" ಎಂದು ನನ್ನ ಮೊಣಕೈ ಹಿಡಿದುಕೊಂಡರು. ಅದುವರೆಗೆ ಕಾಲೇಜಿನಲ್ಲಿ ಯಾರ ಮುಂದೆಯೂ ಹಿಡಿದಿರಲಿಲ್ಲ. ಹಾಗೇ ಹಿಡಿದುಕೊಂಡು ಉದ್ದನೆಯ ವರಾಂಡದಲ್ಲಿ, ಮಕ್ಕಳ ನಡುವೆ, ಸಿಬ್ಬಂದಿಯ ನಡುವೆ ನಡೆದು ಪ್ರಾಂಶುಪಾಲರ ಕೊಠಡಿಗೆ ಹೋದರು. ಅವರಿಗೆ ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳಲಿಲ್ಲ. ಪ್ರಾಂಶುಪಾಲರು ನಾವು ಬರುವುದನ್ನು ಬಾಗಿಲಿನಿಂದಲೇ ನೋಡಿದ್ದರು. "ಮೊದ್ಲೇ ಒಂದ್ ಮಾತು ಹೇಳ್ಬಾರ್ದಿತ್ತೇನಮ್ಮಾ" ಎಂದಷ್ಟೇ ಹೇಳಿ, ಕುರ್ಚಿಯನ್ನು ತಾವೇ ಎಳೆದುಕೊಟ್ಟು, ಮುಖ ತಿರುಗಿಸಿಕೊಂಡರು.

ಆಮೇಲೂ ಮೇಡಂ ಬರುತ್ತಿದ್ದರು. ಎಡಗಣ್ಣಿನ ಬೆಳಕೂ ಆರಿತು. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಹಾಕಿಕೊಂಡು ಪಾಠ ಮಾಡಿದರು. ಮಕ್ಕಳು ಅವರ ತರಗತಿಯಲ್ಲಿ ಮಾಡುತ್ತಿದ್ದಷ್ಟು ಕಡಿಮೆ ಗಲಾಟೆಯನ್ನು ಬೇರೆ ಎಲ್ಲೂ ಮಾಡುತ್ತಿರಲಿಲ್ಲ. ಆದರೆ ಸಕ್ಕರೆ ಕಾಯಿಲೆ ಕಣ್ಣಷ್ಟಕ್ಕೇ ತೃಪ್ತಿಪಡಲಿಲ್ಲ. ಕಾಲು ಊದತೊಡಗಿತು. ಮುಖ ಊದತೊಡಗಿತು. ಕಿಡ್ನಿ ಎಂದರು ಡಾಕ್ಟರು. ಚಿಕ್ಕಮಗಳೂರಿಗೆ ಡಯಾಲಿಸಿಸ್‌ಗೆ ಓಡಾಟ ಶುರುವಾಯಿತು. ಯಜಮಾನರು ತರೀಕೆರೆಯ ಬಸ್ಸು ಬಿಟ್ಟು, ಹೆಂಡತಿಯ ಆಸ್ಪತ್ರೆಯ ದಿನಗಳಿಗೆ ಹೊಂದುವ ಬೇರೆ ಪಾಳಿ ಕೇಳಿ ಪಡೆದರು. ಮೇಡಂ ದೀರ್ಘ ರಜೆಯ ಮೇಲೆ ಹೋದರು.

ನಾನು ಫೋನ್ ಮಾಡಿದಾಗೆಲ್ಲ ಮೊದಲ ಪ್ರಶ್ನೆ ಸರ್ವರಿನದೇ: "ನಡೀತಿದ್ಯಾ?" ನಡೀತಿದೆ ಮೇಡಂ ಎಂದರೆ ಸಾಕು, ಧ್ವನಿಗೆ ಸ್ವಲ್ಪ ಜೀವ ಬರುತ್ತಿತ್ತು.

ಹಾಗಿರುವಾಗಲೇ ಆಡಳಿತ ಮಂಡಳಿ ಒಂದು ನಿರ್ಧಾರ ಮಾಡಿತು. ಸಂಸ್ಥೆಯ ಎಲ್ಲ ಶಾಲೆ ಕಾಲೇಜುಗಳಿಗೂ ಸೇರಿ ಹೊರಗಿನ ಒಂದು ಆನ್‌ಲೈನ್ ವ್ಯವಸ್ಥೆ ಕೊಂಡುಕೊಂಡಾಗಿದೆ, ಕಡೂರಿನ ಸರ್ವರ್ ಇನ್ನು ನಿಲ್ಲಿಸಿ ಎಂದಿತು. ಅದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಕಾಲ ಹಾಗಿತ್ತು. ಮೇಡಂಗೆ ಇದನ್ನು ಹೇಗೆ ಹೇಳುವುದು? ಬೇರೆ ಯಾರ ಬಾಯಿಂದಲೋ ಕೇಳುವುದು ಬೇಡವೆಂದು ನಾನೇ ಚಿಕ್ಕಮಗಳೂರಿಗೆ ಹೋದೆ. ಡಯಾಲಿಸಿಸ್ ನಡೆಯುತ್ತಿತ್ತು. ತೋಳಿನಿಂದ ರಕ್ತ ಕೊಳವೆಯಲ್ಲಿ ಹೋಗಿ ಕೊಳವೆಯಲ್ಲಿ ಬರುತ್ತಿತ್ತು. ಯಜಮಾನರು ಪಕ್ಕದ ಸ್ಟೂಲಿನ ಮೇಲೆ ಕೂತು ಅವರ ಪಾದ ಒತ್ತುತ್ತಿದ್ದರು. ಹೇಳಿದೆ.

ಯಂತ್ರ ಒಂದೇ ಸಮನೆ ಸದ್ದು ಮಾಡುತ್ತಿತ್ತು.

"ಯಾವತ್ತು ನಿಲ್ಲಿಸ್ಬೇಕಂತೆ?"

"ಶನಿವಾರ."

"ನಾನೂ ಬತ್ತೀನಿ."

"ಸುಮ್ನಿರು, ಎಲ್ಲಿಗೆ ಹೋಗ್ತೀಯಾ ಈ ಸ್ಥಿತೀಲಿ" ಎಂದರು ಯಜಮಾನರು. ಮೇಡಂ ವಾದ ಮಾಡಲಿಲ್ಲ. ನನ್ನ ಕೈ ಹುಡುಕಿ ಹಿಡಿದು, "ಹಂಗಾದ್ರೆ ಫೋನ್ ಮಾಡು. ಪ್ಲಗ್ ಕಿತ್ತು ಬಿಸಾಕ್ಬೇಡ ಕಣೇ. ನಿಲ್ಲಿಸೋದಕ್ಕೂ ಒಂದು ಕ್ರಮ ಇದೆ" ಎಂದರು.

ಶನಿವಾರ ಮಧ್ಯಾಹ್ನ ಮಕ್ಕಳೆಲ್ಲ ಹೋದ ಮೇಲೆ ಸರ್ವರಿನ ಮುಂದೆ ಕೂತೆ. ಫೋನನ್ನು ಗಟ್ಟಿಯಾಗಿ ಕೇಳುವ ಹಾಗೆ ಮೇಜಿನ ಮೇಲಿಟ್ಟೆ. ಅವರ ಧ್ವನಿ ತೀರಾ ಕುಗ್ಗಿತ್ತು, ಒಂದೊಂದು ಮಾತಿಗೂ ನಡುವೆ ಉಸಿರು ಬೇಕಾಗುತ್ತಿತ್ತು. ಮೊದಲು ಎಲ್ಲರ ವಿವರಗಳ ಪೂರ್ತಿ ಪ್ರತಿ ತೆಗೆಸಿದರು. ಆ ಪ್ರತಿ ತೆರೆಯುತ್ತದೆಯೇ ಎಂದು ನೋಡಿಸಿದರು. ಮೂರೂ ಊರಿನಿಂದ ಒಂದೊಂದು ಹೆಸರು ಹುಡುಕಿಸಿ ಓದಿಸಿದರು. ಆಮೇಲೆ ಯಾರಾದರೂ ಇನ್ನೂ ಒಳಗಿದ್ದಾರೆಯೇ ಎಂದು ಕೇಳಿಸಿದರು. ಯಾರೂ ಇರಲಿಲ್ಲ.

"ಈಗ ನಿಲ್ಲು ಅಂತ ಹೇಳು ಅದಕ್ಕೆ."

ಆಜ್ಞೆ ಬರೆದೆ. ಎಂಟರ್ ಒತ್ತಲು ಕೈ ಬರಲಿಲ್ಲ.

"ಶೈಲಾ? ಒತ್ತು."

ಒತ್ತಿದೆ.

"ಹೆಂಗಿದೆ ಅಂತ ಕೇಳು. ಕೇಳಿ ಓದು."

ಪರದೆಯ ಮೇಲೆ ಹಸಿರು ಬಣ್ಣದಲ್ಲಿ ಸದಾ ಇರುತ್ತಿದ್ದ ಪದ ಹೋಗಿ ಬೂದು ಅಕ್ಷರ ಬಂದಿತ್ತು. "ಇನ್‌ಆಕ್ಟಿವ್" ಎಂದು ಓದಿ ನಿಲ್ಲಿಸಿದೆ.

"ಅದ್ರ ಪಕ್ಕ ಇನ್ನೊಂದ್ ಪದ ಇರುತ್ತೆ."

ನಾನು ಪರದೆಯಿಂದ ಕಣ್ಣು ತೆಗೆದೆ.

"ಓದೇ. ಅದು ಏನ್ ಹೇಳುತ್ತೋ ಅದನ್ನ ಓದ್ಬೇಕು."

"ಡೆಡ್" ಎಂದೆ.

"ಹಾಂ" ಎಂದರು. "ಸರಿಯಾಗಿ ನಿಂತಿದೆ. ಒಳ್ಳೇ ಕೆಲಸ ಮಾಡಿದೆ ಕಣೇ." ಅವರ ಯಜಮಾನರು ಫೋನ್ ತೆಗೆದುಕೊಂಡು, "ಮಲಗಿದ್ಲು ಮೇಡಂನೋರೇ, ಸುಸ್ತಾಗಿದಾಳೆ" ಎಂದರು. ನಾನು ಲ್ಯಾಬಿನ ಕಿಟಕಿಗಳನ್ನೆಲ್ಲ ಮುಚ್ಚಿ, ಮಕ್ಕಳ ಸ್ಟೂಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಆಮೇಲೆ ಅವರು ಹೆಚ್ಚು ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ನಾನು ಬೀರೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಫೋನ್ ಬಂತು. "ಹೋಗ್ಬಿಟ್ಲು ಮೇಡಂನೋರೇ" ಎಂದರು ಯಜಮಾನರು. ಸಖರಾಯಪಟ್ಟಣದಲ್ಲಿ ಅವರ ತೋಟದ ಅಂಚಿನಲ್ಲೇ ಮಣ್ಣು ಮಾಡಿದರು. ಮೂರೂ ಕಾಲೇಜಿನ ಮಕ್ಕಳು ಬಂದಿದ್ದರು. ಸಾಲು ತೋಟ ದಾಟಿ ರಸ್ತೆಯವರೆಗೂ ನಿಂತಿತ್ತು. ಮಣ್ಣು ಹಾಕುವಾಗ ಯಜಮಾನರು ಎಲ್ಲರಿಗೂ ದಾರಿ ಬಿಡಿಸುತ್ತಾ, ವಯಸ್ಸಾದವರಿಗೆ ಕೈ ಕೊಟ್ಟು ದಾಟಿಸುತ್ತಾ ಓಡಾಡುತ್ತಿದ್ದರು.

ಅವರ ಹೆಸರಿನಲ್ಲಿ ಮಾಡಿದ ಶಿವಗಣಾರಾಧನೆಯ ದಿನ ಮತ್ತೆ ಹೋದೆ. ಊಟ ಮುಗಿಸಿ ಹೊರಗೆ ಬಂದಾಗ ಯಜಮಾನರು ಕೈಯಲ್ಲಿದ್ದ ನೀರಿನ ಜಗ್ಗನ್ನು ಯಾರಿಗೋ ಕೊಟ್ಟು ನನ್ನ ಹಿಂದೆಯೇ ಬಂದರು. ತೆಂಗಿನ ಮರಗಳ ಕೆಳಗೆ ಹಾಕಿದ್ದ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ತಾವು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತರು. "ಮೇಲೆ ಕೂತ್ಕೊಳಿ ಅಣ್ಣಾ" ಎಂದರೂ ಕೇಳಲಿಲ್ಲ.

"ಒಂದ್ ಕೇಳ್ಲಾ ಮೇಡಂನೋರೇ? ಬಂದೋರೆಲ್ಲ ಒಳ್ಳೆಯೋಳು, ಒಳ್ಳೆಯೋಳು ಅಂತಾರೆ. ಅದು ನಂಗೆ ಗೊತ್ತಿಲ್ವಾ? ಅವ್ಳು ಅಲ್ಲಿ ಏನ್ ಮಾಡಿದ್ಲು ಅಂತ ಮಾತ್ರ ಯಾರೂ ಹೇಳ್ತಿಲ್ಲ. ನಂಗೂ ಎಷ್ಟೋ ಸಲ ಹೇಳಿದ್ಲು, ನಂಗೆ ತಲೆಗೆ ಹೋಗ್ಲಿಲ್ಲ. ನೀವು ಜೊತೆಗಿದ್ರಲ್ಲ, ಸ್ವಲ್ಪ ಬಿಡಿಸಿ ಹೇಳಿ."

ನಾನು ಹೇಳಿದೆ. ಮೂರು ಊರಿನ ಎಲ್ಲರ ಹೆಸರೂ ಅವರು ಒಂದು ಕಡೆ ಸೇರಿಸಿಟ್ಟದ್ದು, ಯಾವ ಊರಿನಲ್ಲಿ ಕೂತು ತನ್ನ ಹೆಸರು ಹೇಳಿಕೊಂಡರೂ ಆ ಕಂಪ್ಯೂಟರು ಕಡೂರನ್ನು ಕೇಳಿ, ಇವರು ನಮ್ಮವರೇ ಎಂದು ತಿಳಿದು ಬಾಗಿಲು ತೆಗೆಯುತ್ತಿದ್ದುದು, ಪರೀಕ್ಷೆಯ ದಿನ ಅಳುತ್ತಿದ್ದ ಹುಡುಗಿಯನ್ನು ಒಳಗೆ ಕಳಿಸಿದ್ದು. ಆತ ಒಂದು ಮಾತನ್ನೂ ಬಿಡದೆ, ಬಾಯಿ ಸ್ವಲ್ಪ ತೆರೆದು ಕೇಳುತ್ತಿದ್ದರು.

"ಎಲ್ಲಾರ್ ಹೆಸ್ರೂ ಇತ್ತಾ?"

"ಎಲ್ರದ್ದೂ. ಮಕ್ಕಳು, ಮೇಷ್ಟ್ರುಗಳು, ಆಫೀಸಿನೋರು, ಅಜ್ಜಂಪುರದ ವಾಚ್‌ಮನ್ ತನಕ."

ಆತ ನೆಲದ ಮೇಲಿದ್ದ ಒಂದು ಗರಿಕಡ್ಡಿಯನ್ನು ಎತ್ತಿಕೊಂಡು ಬೆರಳಿಗೆ ಸುತ್ತಿದರು. ನನ್ನ ಮುಖ ನೋಡದೆ ಕೇಳಿದರು:

"ನಂದಿತ್ತಾ?"

ಸುಳ್ಳು ಹೇಳಬೇಕೆಂದು ಬಾಯಿಯ ತನಕ ಬಂತು. ಆದರೆ ಆ ಹೆಸರುಗಳ ಬಗ್ಗೆ ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ.

"ಇರ್ಲಿಲ್ಲ ಅಣ್ಣಾ. ಕಾಲೇಜಿಗೆ ಸೇರಿದೋರ್ದು ಮಾತ್ರ."

ಆತ ತಲೆಯಾಡಿಸಿದರು. ಒಂದು ಸಲ, ಮತ್ತೊಂದು ಸಲ.

"ಅದು ಸರಿ" ಎಂದರು. "ಸೇರದೇ ಇರೋರ್ನ ಸೇರ್ಸೋಳಲ್ಲ ಅವ್ಳು."

ಹೆಮ್ಮೆಯಿಂದಲೇ ಹೇಳಿದರು. ಮಾತು ಮುಗಿಯುವಷ್ಟರಲ್ಲಿ ತುಟಿ ಅದುರಿತು. ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು, ಮಕ್ಕಳು ಅಳುವ ಹಾಗೆ, ದನಿ ತೆಗೆದು ಅತ್ತರು. ಒಳಗೆ ಪಂಕ್ತಿಯ ಸದ್ದು ನಿಂತುಹೋಯಿತು. ಅವರ ಅತ್ತಿಗೆ ಒಳಗಿನಿಂದ ಓಡಿಬಂದರು. ನಾನು ಗಾಬರಿಯಾಗಿ ಎದ್ದು ನಿಂತೆ. ಆಕೆ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಮೆಲ್ಲಗೆ ಹೇಳಿದರು:

"ಇರ್ಲಿ ಬಿಡಮ್ಮ, ಅಳ್ಲಿ. ಅವ್ಳು ಹೋದಾಗ್ಲಿಂದ ಅತ್ತಿರ್ಲಿಲ್ಲ."